ಆರನೇ ತಂತಿ, ಮೂರನೇ ಮನೆ

ತೀನ್ ಕಂದೀಲಿನ ಹಿಂದಿನ ಗಲ್ಲಿಯಲ್ಲಿ ನನ್ನಂಗಡಿ.
ಸ್ಟೆಬಿಲೈಸರು, ಮಿಕ್ಸರು, ಮಸೀದಿಯದೊಂದು ಮೈಕು,
ನಡುವೆ ದೇವಪುತ್ರಪ್ಪ ತಂದಿಳಿಸಿದ ಪೆಟ್ಟಿಗೆ.
ಆಟೋದವನೂ ಒಂದು ಕೈ ಹಿಡಿದಿದ್ದ, ಅಷ್ಟು ಭಾರ.
ಸಿಕಂದರಾಬಾದಿನ ರೈಲ್ವೆ ಕ್ಲಬ್ಬಿನ ಹರಾಜಿನ ಮಾಲು,
ಗಿಟಾರಿನ ಆಂಪ್ಲಿಫೈಯರು, ವಾಲ್ವಿನದು.
"ಹುಲಿಗೆಮ್ಮ, ಇದು ಒದರ್ತೈತಿ" ಅಂದ.
"ನಾ ಸುಮ್ಮನಿದ್ರೂ ಅದು ಸುಮ್ಮನಿರಂಗಿಲ್ಲ."

ಹಿಂಬದಿಯ ಹಲಗೆ ಬಿಚ್ಚಿದೆ.
ಹೊರಗೆ ಹೆಸರಿನಲ್ಲಿ ಮೂರು ಕಂದೀಲು,
ಒಳಗೆ ಐದು ಉರಿಯುತ್ತಿದ್ದವು.
ನಾಲ್ಕು ಕಂಪನಿಯವು.
ಐದನೆಯದಕ್ಕೆ ಯಾರೋ ಅರದಿಂದ ಉಜ್ಜಿ ತೂತು ಮಾಡಿದ್ದರು,
ಅಂಚು ಇನ್ನೂ ಗರಗಸ.
"ಮಸ್ತಾನ್‌ದು. ಎಂಬತ್ತಮೂರರಾಗ.
ದನಿ ಸಾಲವಲ್ದು ಅಂತ ನಮ್ಮವ್ವನ ರೇಡಿಯೋದ ವಾಲ್ವು ಕಿತ್ತು ಹಾಕಿದ.
ಅವ್ವ ಒಂದು ವರ್ಷ ನನ್ನ ಮಾತಾಡಸಲಿಲ್ಲ."

ಸದ್ದು ಒಂದಲ್ಲ, ಮೂರು.
ಬಿಡಿಸಿಕೊಳ್ಳಬೇಕು, ಬೇಳೆಯೊಳಗಿನ ಹರಳಿನ ಹಾಗೆ.

ಮೊದಲನೆಯದು ಚಟಪಟ,
ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ಹಾಗೆ.
ಬಟ್ಟೆ ಹಿಡಿದು ವಾಲ್ವುಗಳನ್ನು ಮುಂದಿನಿಂದ ಒಂದೊಂದಾಗಿ ಎಳೆದೆ;
ಎರಡನೆಯದು ಹೊರಬಂದಾಗ ಎಣ್ಣೆ ಆರಿತು.
ಅದರ ಕಾಲಬುಡದಲ್ಲಿ ಒಂದು ರೆಸಿಸ್ಟರು, ನಡುವೆ ಸೀಳಿದ್ದು.
ಎಂಟು ರೂಪಾಯಿ.

ಎರಡನೆಯದು ಠಣಠಣ.
ಐಸ್‌ಕ್ಯಾಂಡಿ ಕಡ್ಡಿಯಿಂದ ಗಾಜುಗಳ ನೆತ್ತಿ ತಟ್ಟುತ್ತ ಹೋದೆ.
ಒಂದು ಸುಮ್ಮನಿತ್ತು, ಇನ್ನೊಂದು ಸುಮ್ಮನಿತ್ತು,
ಮೂರನೆಯದು ಸ್ಪೀಕರಿನಲ್ಲಿ ಗಂಟೆಯಾಯಿತು.
ಹಳೇ ಡಬ್ಬಿಯಲ್ಲಿ ಅದರ ಜೋಡಿ ಸಿಕ್ಕಿತು.

ಮೂರನೆಯದು ಗುಂಯ್.
ಅದು ಹೋಗಲಿಲ್ಲ.
ಕೆಪಾಸಿಟರು ಬದಲಿಸಿದೆ, ಮೊದಲು ಖಾಲಿ ಮಾಡಿ,
ಎಡಗೈ ಬೆನ್ನ ಹಿಂದಿಟ್ಟು.
ಸ್ವಿಚ್ಚು ಆರಿಸಿದರೂ ಮುನ್ನೂರು ವೋಲ್ಟು ಮನೆಗೆ ಹೋಗಿರುವುದಿಲ್ಲ,
ಕತ್ತಲಲ್ಲಿ ಕೂತಿರುತ್ತದೆ.
ಆದರೂ ಗುಂಯ್.
ಎರಡು ದಿನ ನನ್ನ ಕಿವಿಯಲ್ಲಿ,
ರೊಟ್ಟಿ ಬಡಿಯುವಾಗಲೂ.

ಮೂರನೇ ದಿನ ಕಂಡಿತು.
ಐದನೇ ದೀಪಕ್ಕೆ ಕರೆಂಟು ಒಯ್ಯುವ ಎರಡು ವೈರು
ಪಟ್ಟಿಯಿಟ್ಟು ಗೀಟೆಳೆದಂತೆ ನೆಟ್ಟಗೆ,
ದನಿಯ ವೈರಿನ ಮಗ್ಗುಲಲ್ಲೇ ಮಲಗಿದ್ದವು.
ಮಸ್ತಾನ್ ಅಷ್ಟು ಚಂದ ಎಳೆದಿದ್ದ. ಚಂದವೇ ತಪ್ಪು.
ಅವನ್ನು ಹೊಸೆಯಬೇಕು, ಸಾಲಿಗೆ ಹೋಗುವ ಹುಡುಗಿಯ ಜಡೆಯಷ್ಟು ಬಿಗಿಯಾಗಿ,
ಒಂದು ಏರುವಾಗ ಇನ್ನೊಂದು ಇಳಿದು
ಒಂದರ ಮಾತನ್ನು ಒಂದು ನುಂಗಿಕೊಳ್ಳುವ ಹಾಗೆ.
ಹೊಸೆದೆ. ಮೂಲೆಗೆ ಒತ್ತಿದೆ. ಹಚ್ಚಿದೆ.
ಗಲ್ಲಿಯಲ್ಲಿ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದು ಕೇಳಿಸಿತು.

ದೇವಪುತ್ರಪ್ಪ ಗಿಟಾರು ಚುಚ್ಚಿ
ಆರನೇ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿ
ಕಿವಿ ಬಾಗಿಸಿದ.
ಕಾದ. ಬಿರಡೆ ತಿರುವಿದ. ಮತ್ತೆ ಕಾದ.
"ಹಚ್ಚಿಲ್ಲೇನವಾ?"
"ಹಚ್ಚೀನಿ."
"ಮತ್ತ ಶ್ರುತಿ ಎಲ್ಲೈತಿ?"

ಆಗ ತಿಳಿಯಿತು. ನಲವತ್ತು ವರ್ಷ
ಆ ಗುಂಯ್‌ಗೇ ತಂತಿ ಕೂಡಿಸಿದ್ದಾನೆ,
ಮದುವೆ ಹಂದರದಲ್ಲಿ, ಕ್ರಿಸ್ಮಸ್ಸಿಗೆ, ಗಂಜಿನ ಗಣಪತಿ ಮುಂದೆ.
ಏಪ್ರಿಲ್ಲಿನಲ್ಲಿ ಊರೆಲ್ಲ ಕೂಲರು ಹಚ್ಚಿ
ಶಕ್ತಿನಗರದ ಚಿಮಣಿಗಳು ಏದುಸಿರು ಬಿಟ್ಟರೆ
ಗುಂಯ್ ಕೆಳಗಿಳಿಯುತ್ತಿತ್ತು, ಅದರ ಹಿಂದೆ
ಇವನ ಇಡೀ ಆರ್ಕೆಸ್ಟ್ರಾ ಒಂದೆಳೆ ಇಳಿಯುತ್ತಿತ್ತು;
ಹಾರ್ಮೋನಿಯಂನ ಸಂಗಪ್ಪನೊಬ್ಬ
ಇಳಿಯಲಾರದೆ ಜಗಳಕ್ಕೆ ಬರುತ್ತಿದ್ದ.

"ಮಸ್ತಾನ್ ಈಗೆಲ್ಲಿ?" ಕೇಳಿದೆ.
"ಹತ್ತು ವರ್ಷಾತು" ಅಂದ, ಬಿರಡೆ ನೋಡುತ್ತ.

ಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ತೂತು ಕೊರೆದೆ,
ಅರ ಹಾಕಿ ಅಂಚು ನುಣ್ಣಗೆ ಮಾಡಿ.
ಒಂದು ಪುಟ್ಟ ಸ್ವಿಚ್ಚು; ಅದರ ಹಿಂದೆ
ಹೊಸೆಯದ ಗೇಣುದ್ದ ಜೋಡಿ ವೈರು, ನೆಟ್ಟಗೆ.
ಮೇಲೆ ಹೆಸರು ಬರೆಯಲಿಲ್ಲ.

ಬಿಲ್ಲಿನಲ್ಲಿ ಬರೆದೆ:
ಗುಂಯ್ ತೆಗೆದದ್ದಕ್ಕೆ ನಾನೂರು.
ಗುಂಯ್ ಹಾಕಿದ್ದಕ್ಕೆ...
ಮುಂದೆ ಖಾಲಿ ಬಿಟ್ಟೆ.
ಅವನು ಐನೂರರ ನೋಟು ಕೊಟ್ಟ,
ಚಿಲ್ಲರೆ ಕೇಳದೆ ಬಗ್ಗಿ
ಪೆಟ್ಟಿಗೆಯ ಇನ್ನೊಂದು ಹಿಡಿ ನನಗೆ ತೋರಿಸಿದ.